ಒಂದೂವರೆ ಅಡಿ ಗಿಡದ ಟ್ಯಾಂಕಿನ ತಳಕ್ಕೆ ಯಾವ ಮಣ್ಣು? ಕಾಫಿ ತೋಟದ್ದು ಆಗುತ್ತಾ?

ಮೂರ್ನಾಡಿನ ಹಸಿರು:

ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಚಿಕ್ಕ ಗಾಜಿನ ಟ್ಯಾಂಕ್ ತಂದಿದ್ದೇನೆ. ಉದ್ದ 45 ಸೆಂ.ಮೀ., ಅಗಲ 30, ಎತ್ತರ 30. ಗಿಡ ಚೆನ್ನಾಗಿ ಬರಬೇಕು ಅನ್ನುವುದೇ ಮುಖ್ಯ, ಮೀನು ಆಮೇಲೆ. ಮುಂದೆ ಎರಡು ಮೂರು ಬಗೆಯ ಕ್ರಿಪ್ಟೊಕೊರೈನ್, ಹಿಂದುಗಡೆ ವ್ಯಾಲಿಸ್ನೇರಿಯಾ, ಒಂದು ಮರದ ಬೇರಿನ ಮೇಲೆ ಜಾವಾ ಮಾಸ್ ಮತ್ತು ಅನುಬಿಯಾಸ್. ಕೊನೆಗೆ ಚೆರ್ರಿ ಸೀಗಡಿ ಒಂದಷ್ಟು, ಒಂದು ಬೆಟ್ಟಾ ಮೀನು.

ತಳಕ್ಕೆ ಏನು ಹಾಕುವುದು ಅನ್ನುವಲ್ಲಿಗೆ ಬಂದು ನಿಂತಿದ್ದೇನೆ. ಇಲ್ಲಿನ ಅಂಗಡಿಯಲ್ಲಿ ಬಣ್ಣದ ಕಲ್ಲು ಮಾತ್ರ ಸಿಗುತ್ತದೆ. ಗಿಡದ ಟ್ಯಾಂಕಿಗೆಂದೇ ಮಾಡಿದ ಆಕ್ವಾಸಾಯಿಲ್ ಮಣ್ಣು ಬೇಕಾದರೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ತರಿಸಬೇಕು. ಚೀಲದ ಬೆಲೆ ಕೇಳಿದರೆ ಟ್ಯಾಂಕಿಗಿಂತ ಜಾಸ್ತಿ. ಮನೆ ಹಿಂದೆಯೇ ಕಾಫಿ ತೋಟ ಇದೆ. ಗಿಡದ ಬುಡದಲ್ಲಿ ಕಪ್ಪಗಿನ, ಹುಡಿಹುಡಿಯಾದ ಮಣ್ಣು ಎಷ್ಟು ಬೇಕಾದರೂ ಸಿಗುತ್ತದೆ. ಅದನ್ನೇ ಹಾಕಿ ಮೇಲೆ ಮರಳು ಮುಚ್ಚಿದರೆ ಸಾಕಲ್ವಾ? ತಿಳಿದವರು ಹೇಳಿ.

ಗೋಣಿಕೊಪ್ಪ ಟ್ಯಾಂಕ್:

ಮಣ್ಣಿಗಿಂತ ಮೊದಲು ನಿಮ್ಮ ಗಿಡಗಳನ್ನು ನೋಡೋಣ. ಕ್ರಿಪ್ಟೊಕೊರೈನ್ ಮತ್ತು ವ್ಯಾಲಿಸ್ನೇರಿಯಾ ಬೇರಿನಿಂದ ಚೆನ್ನಾಗಿ ತಿನ್ನುವ ಗಿಡಗಳು. ಅವಕ್ಕೆ ತಳದಲ್ಲಿ ಸಾರ ಇದ್ದರೆ ಎಲೆ ಮೇಲೆಯೇ ವ್ಯತ್ಯಾಸ ಕಾಣುತ್ತದೆ. ಅನುಬಿಯಾಸ್, ಜಾವಾ ಮಾಸ್ ಹಾಗಲ್ಲ. ಅವು ಮರಕ್ಕೆ, ಕಲ್ಲಿಗೆ ಅಂಟಿಕೊಂಡು ನೀರಿನಿಂದಲೇ ಬೇಕಾದ್ದನ್ನು ತೆಗೆದುಕೊಳ್ಳುತ್ತವೆ. ಅನುಬಿಯಾಸ್‌ನ ದಪ್ಪ ಗೆಡ್ಡೆಯಂಥ ಕಾಂಡವನ್ನು ಮಣ್ಣಲ್ಲಿ ಹೂತರೆ ಕೊಳೆತೇ ಹೋಗುತ್ತದೆ. ಪಟ್ಟಿಯಲ್ಲಿ ಅವೆರಡೇ ಇದ್ದಿದ್ದರೆ ಸುಮ್ನೆ ತೊಳೆದ ಮರಳು ಹಾಕಿ ಅನ್ನುತ್ತಿದ್ದೆ.

ಬಣ್ಣದ ಕಲ್ಲು ಬೇಡವೇ ಬೇಡ. ಹರಳು ದಪ್ಪ ಇರುತ್ತದೆ, ಸಂದಿಗೆ ಕಸ ಇಳಿಯುತ್ತದೆ, ಬೇರಿಗೆ ಹಿಡಿತ ಸಿಗುವುದಿಲ್ಲ. ಒಂದು ಚೂರೂ ಪೋಷಕಾಂಶ ಅದರಲ್ಲಿ ನಿಲ್ಲುವುದಿಲ್ಲ.

ನೀರು ಯಾವುದು, ಬಾವಿಯದ್ದಾ ಬೋರ್‌ವೆಲ್‌ದ್ದಾ?

ಮೂರ್ನಾಡಿನ ಹಸಿರು:

ತೆರೆದ ಬಾವಿ ಅಣ್ಣ. ತುಂಬಾ ಮೆದು ನೀರು. ಸೋಪು ಹಚ್ಚಿದರೆ ಎಷ್ಟು ತೊಳೆದರೂ ಕೈ ಜಾರುತ್ತಲೇ ಇರುತ್ತದೆ. ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಪದರವೂ ಕಟ್ಟುವುದಿಲ್ಲ.

ಸಿದ್ದಾಪುರ ತೋಟದಮನೆ:

ಕಾಫಿ ಗಿಡದ ಬುಡದ ಮಣ್ಣು ಅಂದಿದ್ದಕ್ಕೆ ಬರೆಯುತ್ತಿದ್ದೇನೆ ಮಗಾ. ಸೀಗಡಿ ಬಿಡುವ ಯೋಚನೆ ಇದ್ದರೆ ದಯವಿಟ್ಟು ಆ ಮಣ್ಣು ಹಾಕಬೇಡ.

ಕಾರಣ ಮೈಲುತುತ್ತ. ಕೊಡಗಿನ ತೋಟಗಳಲ್ಲಿ ತಲೆಮಾರುಗಳಿಂದ ಬೋರ್ಡೋ ದ್ರಾವಣ ಹೊಡೆಯುತ್ತಾ ಬಂದಿದ್ದೇವೆ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಅರೇಬಿಕಾಕ್ಕೆ ಎಲೆ ತುಕ್ಕು ರೋಗ, ಮಳೆಗಾಲದ ಕೊಳೆರೋಗ, ಎರಡಕ್ಕೂ ಇದೇ ಮದ್ದು. ಮೈಲುತುತ್ತ ಅಂದರೆ ತಾಮ್ರ. ಎಲೆಯಿಂದ ತೊಳೆದು ಬಿದ್ದ ತಾಮ್ರ ಮಳೆಗೆ ಕೊಚ್ಚಿಕೊಂಡು ಪೂರ್ತಿ ಹೋಗುವುದಿಲ್ಲ. ಮೇಲ್ಮಣ್ಣಿನ ಸಾವಯವ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ವರ್ಷ ವರ್ಷವೂ ಸೇರುತ್ತಾ ಹೋಗುತ್ತದೆ. ನೀನು ಕಪ್ಪಗೆ, ಹುಡಿಹುಡಿಯಾಗಿದೆ ಅಂತ ಮೆಚ್ಚಿದ್ದೀಯಲ್ಲ, ತಾಮ್ರ ಕೂತಿರುವುದು ಆ ಪದರದಲ್ಲೇ.

ಗಿಡಕ್ಕೆ ತಾಮ್ರ ಚೂರು ಬೇಕು. ಸೀಗಡಿ, ಬಸವನಹುಳುಗಳಿಗೆ ಅದು ವಿಷ. ಮೀನು ತಡೆದುಕೊಳ್ಳುವ ಪ್ರಮಾಣದಲ್ಲೇ ಸೀಗಡಿ ಸತ್ತುಹೋಗುತ್ತದೆ. ನೀರು ಹುಳಿಯಾದಷ್ಟೂ ಮಣ್ಣಿನಿಂದ ತಾಮ್ರ ಬಿಡುವುದು ಜಾಸ್ತಿ. ನಮ್ಮ ಬಾವಿ ನೀರಿನಲ್ಲಿ ಹುಳಿ ತಡೆಯುವ ಶಕ್ತಿಯೇ ಕಡಿಮೆ, ನೋಡು.

ನಾಪೋಕ್ಲು ಮೀನು:

ಅಂಕಲ್, ನಮ್ಮದು ಪೂರ್ತಿ ರೊಬಸ್ಟಾ. ಬೋರ್ಡೋ ಹೊಡೆಯುವುದು ತುಂಬಾ ಕಡಿಮೆ. ಅಂಥ ತೋಟದ ಮಣ್ಣು ಆಗಬಹುದಲ್ವಾ?

ಸಿದ್ದಾಪುರ ತೋಟದಮನೆ:

ನೆರಳಿನ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿಲ್ಲವಾ? ಸೊರಗು ರೋಗಕ್ಕೆ ಬಳ್ಳಿಗೆ ಬೋರ್ಡೋ, ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಹಾಕುತ್ತೇವೆ. ಅದೂ ತಾಮ್ರವೇ. ಅದರ ಮೇಲೆ ವರ್ಷಕ್ಕೆ ಎರಡು ಮೂರು ಸಲ ರಸಗೊಬ್ಬರ, ಕಳೆನಾಶಕ ಬೇರೆ. ಕಾಫಿ, ಮೆಣಸು, ಕಿತ್ತಳೆ, ಅಡಿಕೆ ಇರುವ ಕಡೆಯ ಮಣ್ಣು ಯಾವುದೂ ಬೇಡ ಅನ್ನುವುದು ನನ್ನ ಮಾತು. ಅಡಿಕೆಗೂ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರೆ.

ಇನ್ನೊಂದು ಮಾತು. ಔಷಧಿ ಮುಟ್ಟದ ಮಣ್ಣು ಬೇಕು ಅಂತ ಯಾರೂ ದೇವರಕಾಡಿನೊಳಗೆ ಹೋಗಿ ಅಗೆಯಬೇಡಿ. ಅಲ್ಲಿಂದ ಒಂದು ಎಲೆಯನ್ನೂ ತರಬಾರದು ಅಂತ ಹಿರಿಯರು ಉಳಿಸಿಕೊಂಡು ಬಂದ ಜಾಗ ಅದು.

ಮೂರ್ನಾಡಿನ ಹಸಿರು:

ಅಂಕಲ್, ತುಂಬಾ ಉಪಕಾರ ಆಯ್ತು. ತಾಮ್ರದ ವಿಷಯ ತಲೆಗೇ ಬಂದಿರಲಿಲ್ಲ. ಹಾಗಾದರೆ ಮಣ್ಣಿನ ಆಸೆ ಬಿಟ್ಟು ಆಕ್ವಾಸಾಯಿಲ್ ತರಿಸುವುದೇ ಸರಿಯಾ? ಧರೆಯ (ಕಡಿದ ದಿಬ್ಬದ) ಕೆಂಪು ಮಣ್ಣು, ಜಂಬಿಟ್ಟಿಗೆ ಪುಡಿ ಹಾಕಬಹುದು ಅಂತಲೂ ಒಬ್ಬರು ಹೇಳಿದರು.

ಪೊನ್ನಂಪೇಟೆ ಮಣ್ಣು:

ಕೆಂಪು ಮಣ್ಣಿನ ಬಗ್ಗೆ ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಜಂಬಿಟ್ಟಿಗೆಗೆ ಅಕ್ವೇರಿಯಂ ಲೋಕದಲ್ಲಿ ದೊಡ್ಡ ಹೆಸರೇ ಇದೆ. ಅದಕ್ಕೆ ಲ್ಯಾಟರೈಟ್ ಅನ್ನುವ ಹೆಸರನ್ನು ಬ್ರಿಟಿಷ್ ಕಾಲದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಬಳಕೆಗೆ ತಂದಿದ್ದು ನಮ್ಮ ಪಕ್ಕದ ಮಲಬಾರಿನ ಅಂಗಾಡಿಪುರಂನ ಕಲ್ಲು ನೋಡಿ. ಮುಂದೆ 1980ರ ದಶಕದಲ್ಲಿ ಜರ್ಮನಿಯ ಡೂಪ್ಲಾ ಕಂಪನಿಯವರು ಗಿಡದ ಟ್ಯಾಂಕಿನ ತಳಕ್ಕೆ ಲ್ಯಾಟರೈಟ್ ಪುಡಿ ಬೆರೆಸುವುದನ್ನು ಜನಪ್ರಿಯ ಮಾಡಿದರು. ಉದ್ದೇಶ ಒಂದೇ, ಬೇರಿಗೆ ಕಬ್ಬಿಣ ಸಿಗಲಿ ಅಂತ.

ಆದರೆ ಕಬ್ಬಿಣ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ಸಾವಿರಾರು ವರ್ಷ ಮಳೆಗೆ ತೊಳೆದು ತೊಳೆದು ಉಳಿದ ಮಣ್ಣು ಅದು. ಸಾರಜನಕ ಇಲ್ಲ, ಪೊಟ್ಯಾಶಿಯಂ ಇಲ್ಲ, ಸುಣ್ಣದಂಶ ಇಲ್ಲ. ಬಂದ ಪೋಷಕಾಂಶವನ್ನು ಹಿಡಿದಿಟ್ಟುಕೊಂಡು ಬೇರಿಗೆ ಕೊಡುವ ಶಕ್ತಿಯೂ ಕಡಿಮೆ. ಮಣ್ಣಿನವರು ಇದನ್ನು ಕ್ಯಾಟಯಾನ್ ವಿನಿಮಯ ಸಾಮರ್ಥ್ಯ ಅಂತ ಅಳೆಯುತ್ತಾರೆ. 100 ಗ್ರಾಂಗೆ ಇಷ್ಟು ಮಿಲಿ ಈಕ್ವಿವಲೆಂಟ್ ಅಂತ ಲೆಕ್ಕ. ಕೆಂಪು ಮಣ್ಣಿನಲ್ಲಿ ಜಾಸ್ತಿ ಇರುವ ಕೆಯೊಲಿನೈಟ್ ಜೇಡಿಗೆ ಅದು 3ರಿಂದ 15. ಎರೆಮಣ್ಣಿನ ಮಾಂಟ್‌ಮೊರಿಲ್ಲೊನೈಟ್ ಜೇಡಿಗೆ 80ರ ಮೇಲೆ. ಚೆನ್ನಾಗಿ ಕಳಿತ ಎಲೆಮಣ್ಣಿನ ಹ್ಯೂಮಸ್‌ಗೆ 200ರ ಆಸುಪಾಸು. ಅಂದರೆ ಕೊಡಗಿನ ಮಣ್ಣಿನ ಶಕ್ತಿ ಬಹುಪಾಲು ಅದರ ಕಪ್ಪು ಅಂಶದಲ್ಲಿದೆ. ಬರೀ ಧರೆ ಕೆರೆದ ಕೆಂಪು ಮಣ್ಣು ಹಾಕಿದರೆ ಗಿಡಕ್ಕೆ ಕಬ್ಬಿಣ ಸಿಕ್ಕೀತು, ಉಳಿದದ್ದಕ್ಕೆ ಬೇರೆ ದಾರಿ ನೋಡಬೇಕು.

ನನ್ನನ್ನು ಕೇಳಿದರೆ ಪಾಳು ಬಿದ್ದ ಭತ್ತದ ಗದ್ದೆಯ ಮಣ್ಣು ತನ್ನಿ. ಏಳೆಂಟು ವರ್ಷದಿಂದ ಯಾರೂ ನಾಟಿ ಮಾಡದ, ಗೊಬ್ಬರ ಔಷಧಿ ಕಾಣದ ಗದ್ದೆ. ಅಂಥ ಗದ್ದೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಮೇಲಿನ ತೋಟದ ನೀರು ನೇರ ಹರಿದು ಬರುವ ಜಾಗ ಮಾತ್ರ ಬೇಡ.

ಗದ್ದೆ ಮಣ್ಣೇ ಯಾಕೆ? ಅದು ನೀರಿನಡಿ ಕೂತು ಅಭ್ಯಾಸ ಇರುವ ಮಣ್ಣು. ಮಳೆಗಾಲದಲ್ಲಿ ಗದ್ದೆಯ ಬದುವಿನ ಸಂದಿಯಿಂದ ನೀರು ಒಸರುವ ಜಾಗ ನೋಡಿ. ಕಿತ್ತಳೆ ಬಣ್ಣದ ಲೋಳೆ ಕಟ್ಟಿರುತ್ತದೆ. ನಿಂತ ನೀರಿನ ಮೇಲೆ ಸೀಮೆಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ. ಕಡ್ಡಿಯಿಂದ ಮುಟ್ಟಿದರೆ ಆ ಪೊರೆ ಚೂರುಚೂರಾಗಿ ಒಡೆದು ಹಾಗೇ ನಿಲ್ಲುತ್ತದೆ. ನಿಜವಾದ ಎಣ್ಣೆಯಾದರೆ ತಿರುಗಿ ಕೂಡಿಕೊಳ್ಳುತ್ತಿತ್ತು. ಅದು ಕಬ್ಬಿಣದ ಪೊರೆ. ನೀರು ನಿಂತಾಗ ಮಣ್ಣಿನಲ್ಲಿ ಆಮ್ಲಜನಕ ಮುಗಿಯುತ್ತದೆ. ಆಗ ಸೂಕ್ಷ್ಮಜೀವಿಗಳು ತುಕ್ಕಿನ ರೂಪದ ಕಬ್ಬಿಣವನ್ನು ನೀರಲ್ಲಿ ಕರಗುವ ರೂಪಕ್ಕೆ ತಿರುಗಿಸುತ್ತವೆ. ಕಬ್ಬಿಣಕ್ಕೆ ಕಚ್ಚಿಕೊಂಡಿದ್ದ ರಂಜಕವೂ ಜೊತೆಗೇ ಸಡಿಲ ಆಗುತ್ತದೆ. ಬೇರು ಎರಡನ್ನೂ ಹೀರಿಕೊಳ್ಳುತ್ತದೆ. ಹೊರಗೆ ಒಸರಿ ಗಾಳಿ ತಾಗಿದ ಕೂಡಲೇ ಉಳಿದದ್ದು ಮತ್ತೆ ತುಕ್ಕಾಗಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಮರಳಿನಡಿಯ ಮಣ್ಣಿನೊಳಗೆ ಆಗುವುದೂ ಇದೇ.

ಆದರೆ ದಪ್ಪ ಮಾಡಬಾರದು. ಆಮ್ಲಜನಕ ಇಲ್ಲದ ಮಣ್ಣು ತೀರಾ ದಪ್ಪ ಆದರೆ, ಅದರಲ್ಲಿ ಕೊಳೆಯುವ ವಸ್ತು ಜಾಸ್ತಿ ಇದ್ದರೆ, ಮುಂದಿನ ಹಂತದಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವ ಅನಿಲ ಅದೇ. ಅದು ಬೇರನ್ನು ಕಪ್ಪು ಮಾಡಿ ಕೊಲ್ಲುತ್ತದೆ. ಹಾಗಾಗಿ ಮಣ್ಣು 2.5 ಸೆಂ.ಮೀ. ಸಾಕು, ಅದಕ್ಕಿಂತ ಬೇಡ.

ಕುಶಾಲನಗರ ಆಕ್ವಾ:

ಮಣ್ಣಿನ ಬಗ್ಗೆ ಒಳ್ಳೆಯ ಮಾತು ಬಂತು. ಆಕ್ವಾಸಾಯಿಲ್ ಪರವಾಗಿ ನಾನು ಮಾತಾಡುತ್ತೇನೆ, ಅದನ್ನು ಸುಮ್ನೆ ದುಬಾರಿ ಅಂತ ತಳ್ಳಿಹಾಕಬಾರದು.

ಅದು ಬಹುಪಾಲು ಜ್ವಾಲಾಮುಖಿ ಬೂದಿಯಿಂದಾದ ಕಪ್ಪು ಮಣ್ಣನ್ನು ಗುಂಡುಗುಂಡಾಗಿ ಮಾಡಿ ಸುಟ್ಟು ಗಟ್ಟಿ ಮಾಡಿದ್ದು. ಜಪಾನಿನ ನೀಗಾತಾದ ತಕಾಶಿ ಅಮಾನೊ ಸ್ಥಾಪಿಸಿದ ಎಡಿಎ ಕಂಪನಿಯ ಅಮೆಜೋನಿಯಾ ಈ ಜಾತಿಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಡೆನ್ಮಾರ್ಕಿನ ಟ್ರೋಪಿಕಾದ್ದೂ ಇದೆ. ಗುಂಡುಗಳ ನಡುವೆ ನೀರು ಓಡಾಡುತ್ತದೆ, ಬೇರಿಗೆ ಹಿಡಿತ ಸಿಗುತ್ತದೆ, ಮೇಲೆ ಮರಳು ಮುಚ್ಚಬೇಕಾಗಿಲ್ಲ. ಗಿಡ ಕಿತ್ತು ಬೇರೆ ಕಡೆ ನೆಟ್ಟರೂ ನೀರು ಅಷ್ಟಾಗಿ ಕದಡುವುದಿಲ್ಲ. ಗದ್ದೆ ಮಣ್ಣಿನ ಟ್ಯಾಂಕಿನಲ್ಲಿ ಬೇರು ಬಿಟ್ಟ ಕ್ರಿಪ್ಟೊಕೊರೈನ್ ಕಿತ್ತರೆ ಅಡಿಯ ಕೆಸರೆಲ್ಲ ಮೇಲೆ ಬರುತ್ತದೆ. ಪದೇ ಪದೇ ಜಾಗ ಬದಲಿಸುವ ಅಭ್ಯಾಸ ಇದ್ದರೆ ಆಕ್ವಾಸಾಯಿಲ್ ಒಳ್ಳೆಯದು.

ಎಷ್ಟು ಬೇಕು ಅನ್ನುವ ಲೆಕ್ಕ: 45 × 30 × 5 ಸೆಂ.ಮೀ. ದಪ್ಪಕ್ಕೆ 6.75 ಲೀಟರ್. ಅಮೆಜೋನಿಯಾ 9 ಲೀಟರ್ ಮತ್ತು 3 ಲೀಟರ್ ಚೀಲದಲ್ಲಿ ಬರುತ್ತದೆ. 3 ಲೀಟರಿನ ಎರಡು ತಂದರೆ ಸುಮಾರು 4.4 ಸೆಂ.ಮೀ. ದಪ್ಪ ಸಿಗುತ್ತದೆ, ಕ್ರಿಪ್ಟೊಕೊರೈನ್‌ಗೆ ಅಷ್ಟು ಸಾಕು. ಹಿಂದೆ ಎತ್ತರ ಬೇಕಾದರೆ ನೆಟ್ ಚೀಲದಲ್ಲಿ ಪ್ಯೂಮಿಸ್ ಅನ್ನುವ ಹಗುರ ಕಲ್ಲು ತುಂಬಿ ಅಡಿಯಲ್ಲಿಡಿ.

ತೊಳೆಯಬೇಡಿ, ತೊಳೆದರೆ ಗುಂಡು ಒಡೆಯುತ್ತದೆ. ಅಮೆಜೋನಿಯಾದಂಥ ಸಾರ ಜಾಸ್ತಿ ಇರುವುದು ಮೊದಲ ಕೆಲವು ವಾರ ಮೀನು, ಸೀಗಡಿಗೆ ವಿಷವಾದ ಅಮೋನಿಯಾ ಬಿಡುತ್ತದೆ. ಅಲ್ಲಿಯವರೆಗೆ ಗಿಡ ಮಾತ್ರ, ಜೀವ ಏನೂ ಬೇಡ. ಒಂದೆರಡು ವರ್ಷ ಕಳೆದರೆ ಸಾರ ಕಡಿಮೆಯಾಗುತ್ತದೆ, ಗುಂಡು ಮೆತ್ತಗಾಗುತ್ತದೆ. ಆಗ ಬೇರಿನ ಹತ್ತಿರ ರೂಟ್ ಟ್ಯಾಬ್ ಅನ್ನುವ ಗೊಬ್ಬರದ ಗುಳಿಗೆ ಇಟ್ಟು ಮುಂದುವರಿಸಬಹುದು.

ಮಡಿಕೇರಿ ಮಂಜು:

ಆಕ್ವಾಸಾಯಿಲ್ ತರಿಸುವವರಿಗೆ ಕೊಡಗಿನಲ್ಲಿ ಒಂದು ವಿಷಯ ಯಾರೂ ಹೇಳುವುದಿಲ್ಲ. ಅದರ ಪೆಟ್ಟಿಗೆ ಮೇಲೆ ನೀರನ್ನು ಮೆದು ಮಾಡುತ್ತದೆ, ಪಿಎಚ್ ಇಳಿಸುತ್ತದೆ (ಅಂದರೆ ಹುಳಿ ಏರಿಸುತ್ತದೆ) ಅಂತ ಗುಣದ ಹಾಗೆ ಬರೆದಿರುತ್ತಾರೆ. ಗಡುಸು ಬೋರ್‌ವೆಲ್ ನೀರಿನ ಊರಿಗೆ ಅದು ಗುಣವೇ. ನಮ್ಮ ಬಾವಿ ನೀರು ಮೊದಲೇ ಮೆದು. ಕೆಎಚ್ (ನೀರಿನ ಹುಳಿ ತಡೆಯುವ ಶಕ್ತಿ) ಪರೀಕ್ಷೆಯ ಹನಿ ಹಾಕಿದರೆ ಮೊದಲ ಹನಿಗೇ ಬಣ್ಣ ತಿರುಗುವ ನೀರು. ಇದ್ದ ಚೂರು ಕೆಎಚ್ ಅನ್ನೂ ಆಕ್ವಾಸಾಯಿಲ್ ಹೀರಿಕೊಂಡರೆ ಪಿಎಚ್ ಹಿಡಿದು ನಿಲ್ಲಿಸುವುದು ಏನೂ ಉಳಿಯುವುದಿಲ್ಲ.

ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ತೀರಾ ನಿಧಾನ ಆಗುತ್ತವೆ. ಹುಳಿ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುವುದರಿಂದ ಮೀನಿಗೆ ಅಷ್ಟು ತೊಂದರೆ ಕಾಣುವುದಿಲ್ಲ. 25 ಡಿಗ್ರಿ ಬಿಸಿ, ಪಿಎಚ್ 7 ಇದ್ದಾಗ ವಿಷವಾದ ಅಮೋನಿಯಾ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಅದೇ ಪಿಎಚ್ 8 ಆದರೆ ಸುಮಾರು 5 ಪಾಲು. ಅಪಾಯ ಎಲ್ಲಿ ಅಂದರೆ, ಅಮೋನಿಯಂ ಜಾಸ್ತಿ ಸೇರಿರುವ ಟ್ಯಾಂಕಿಗೆ ಪಿಎಚ್ ಏರಲಿ ಅಂತ ಯಾರಾದರೂ ಒಮ್ಮೆಲೇ ಸೋಡಾ ಪುಡಿಯೋ ಸುಣ್ಣದ ನೀರೋ ಹಾಕುವುದು. ಆಗ ಆ ಅಮೋನಿಯಂನಲ್ಲಿ ಮೀನಿಗೆ ವಿಷವಾಗುವಷ್ಟು ಪಾಲು ಅಮೋನಿಯಾ ಆಗಿಬಿಡಬಹುದು.

ಮಾಡಬೇಕಾದ್ದು ಸುಲಭ. ಸಮುದ್ರ ಚಿಪ್ಪು ಅಥವಾ ಹವಳದ ಕಲ್ಲಿನ ಚೂರು ಒಂದು ಹಿಡಿ, ಚಿಕ್ಕ ನೆಟ್ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಡಿ. ನೀರು ಹುಳಿಯಾದಷ್ಟೂ ಅದು ಕರಗುತ್ತದೆ, ಹುಳಿ ಇಳಿದರೆ ಕರಗುವುದೂ ನಿಧಾನ ಆಗುತ್ತದೆ. ಸೀಗಡಿ ಚಿಪ್ಪು ಕಟ್ಟಲು ಬೇಕಾದ ಕ್ಯಾಲ್ಸಿಯಂ ಕೂಡ ಅದರಿಂದಲೇ ಸಿಗುತ್ತದೆ. ವೀಳ್ಯದೆಲೆಗೆ ಹಚ್ಚಿ ತಿನ್ನುವ ಸುಣ್ಣ ಮಾತ್ರ ಹಾಕಬೇಡಿ, ಅದರ ಖಾರಕ್ಕೆ ಪಿಎಚ್ ಎಲ್ಲಿಗೋ ಹೋಗುತ್ತದೆ.

ಮಡಿಕೇರಿ ಕಡೆಯವರಿಗೆ ಇನ್ನೊಂದು: ಜುಲೈಯಲ್ಲಿ ಟ್ಯಾಂಕ್ ಶುರು ಮಾಡಿದರೆ ನೀರು ತಣ್ಣಗಿರುತ್ತದೆ, ಬ್ಯಾಕ್ಟೀರಿಯಾ ಬೆಳೆಯಲು ಜಾಸ್ತಿ ದಿನ ಬೇಕು. ಹೀಟರ್ ಇಟ್ಟು 24–25 ಡಿಗ್ರಿಗೆ ತನ್ನಿ. ಬೆಟ್ಟಾಗೆ ಅದಕ್ಕಿಂತಲೂ ಚೂರು ಬೆಚ್ಚಗೆ ಬೇಕು.

ಸುಂಟಿಕೊಪ್ಪ ಅಕ್ಕ:

ಎರೆಹುಳು ಗೊಬ್ಬರದ ಹೆಸರನ್ನೇ ಯಾರೂ ಎತ್ತಲಿಲ್ಲ! ನಾನು ಮನೆಯ ಎರೆಗೊಬ್ಬರವನ್ನೇ ತಳಕ್ಕೆ ಹಾಕುತ್ತೇನೆ. ವ್ಯಾಲಿಸ್ನೇರಿಯಾ ಗಾಜಿನ ಅಂಚು ಮುಟ್ಟಿ ಬಾಗಿ ನಿಂತಿದೆ.

ಪೊನ್ನಂಪೇಟೆ ಮಣ್ಣು:

ಅಕ್ಕ, ಎಷ್ಟು ಹಾಕುತ್ತೀರಿ? ಟ್ಯಾಂಕ್ ಎಷ್ಟು ದೊಡ್ಡದು?

ಸುಂಟಿಕೊಪ್ಪ ಅಕ್ಕ:

ಮೂರಡಿ ಟ್ಯಾಂಕ್. ಗೊಬ್ಬರ ಬರೀ ಅರ್ಧ ಇಂಚು, ಅದರ ಮೇಲೆ ಎರಡು ಇಂಚು ಮರಳು. ಮೀನು ಬಿಡುವ ಮೊದಲು ಒಂದು ತಿಂಗಳು ಗಿಡ ಮಾತ್ರ.

ಪೊನ್ನಂಪೇಟೆ ಮಣ್ಣು:

ಅದಕ್ಕೇ ಸರಿ ಬಂದಿದೆ. ತೆಳು ಪದರ, ದೊಡ್ಡ ಟ್ಯಾಂಕ್, ತಿಂಗಳ ಕಾಯುವಿಕೆ. ಇವರದ್ದು 40 ಲೀಟರ್ ಟ್ಯಾಂಕ್. ಮಣ್ಣು, ಮರಳು ಕಳೆದರೆ ನೀರು 30 ಲೀಟರ್ ಸುತ್ತಮುತ್ತ ಉಳಿಯುತ್ತದೆ. ಅಷ್ಟು ಕಡಿಮೆ ನೀರಿಗೆ ಎರೆಗೊಬ್ಬರದಿಂದ ಸಾರಜನಕ ಬಿಟ್ಟರೆ ಪಾಚಿ ಏಳುತ್ತದೆ, ಸೀಗಡಿಗೂ ಕಷ್ಟ. ಗದ್ದೆ ಮಣ್ಣು ತೀರಾ ಜೇಡಿಯಾಗಿದ್ದರೆ ಐದರಲ್ಲಿ ಒಂದು ಪಾಲು ಹಳೆಯ, ಪೂರ್ತಿ ಕಳಿತ ಎರೆಗೊಬ್ಬರ ಬೆರೆಸಬಹುದು. ಹಟ್ಟಿಗೊಬ್ಬರ, ಕಾಫಿ ಸಿಪ್ಪೆಯ ಗೊಬ್ಬರ ಬೇಡ. ಅವು ನೀರಿನಡಿ ಇನ್ನೂ ಕೊಳೆಯುತ್ತಲೇ ಇರುತ್ತವೆ.

ನಾಪೋಕ್ಲು ಮೀನು:

ಹಾಗಾದರೆ ತೋಟಕ್ಕೆ ತಂದ 17:17:17 ರಸಗೊಬ್ಬರದ ನಾಲ್ಕು ಕಾಳು ಬೇರಿನಡಿ ಇಟ್ಟರೆ ಆಗಲ್ವಾ?

ಗೋಣಿಕೊಪ್ಪ ಟ್ಯಾಂಕ್:

ಬೇಡ. ನೀರಲ್ಲಿ ಕೂಡಲೇ ಕರಗುವ ಗೊಬ್ಬರ ಅದು. ಅದರ ಸಾರಜನಕ ಅಮೋನಿಯಂ, ಯೂರಿಯಾ ರೂಪದಲ್ಲಿರುತ್ತದೆ. ಚಿಕ್ಕ ಟ್ಯಾಂಕಿನಲ್ಲಿ ನಾಲ್ಕು ಕಾಳೇ ಜಾಸ್ತಿ.

ಮೂರ್ನಾಡಿನ ಹಸಿರು:

ನನಗೆ ಗದ್ದೆ ಮಣ್ಣಿನ ಕಡೆಗೇ ಮನಸ್ಸು. ಚಿಕ್ಕಪ್ಪನ ಮನೆ ಕೆಳಗಿನ ಗದ್ದೆ ಪಾಳು ಬಿದ್ದು ಎಷ್ಟೋ ವರ್ಷ ಆಯ್ತು. ತೋಟದ ನೀರು ಅಲ್ಲಿಗೆ ಬರುವುದಿಲ್ಲ. ತಂದು ಏನೇನು ಮಾಡಬೇಕು, ವಿವರವಾಗಿ ಹೇಳುತ್ತೀರಾ?

ಪೊನ್ನಂಪೇಟೆ ಮಣ್ಣು:

ಹುಲ್ಲಿನ ಬೇರು ಮುಗಿಯುವವರೆಗೆ ಮೇಲಿನದ್ದನ್ನು ಕೆರೆದು ಬದಿಗೆ ಹಾಕಿ. ಅದರಡಿಯ ಕಪ್ಪು ಬೂದು ಬಣ್ಣದ ಮಣ್ಣು ತೆಗೆಯಿರಿ. ನಿಮ್ಮ ಟ್ಯಾಂಕಿಗೆ 2.5 ಸೆಂ.ಮೀ. ದಪ್ಪಕ್ಕೆ 3.4 ಲೀಟರ್ ಬೇಕು. ಕಸ ತೆಗೆದಾಗ ಕಡಿಮೆಯಾಗುತ್ತದೆ, ಒಂದು ಬಕೆಟ್ ತನ್ನಿ.

ಕಾಫಿ ಕಣದಲ್ಲಿ ಒಂದು ಹಾಳೆ ಹಾಸಿ ಹರಡಿ. ಕೊಯ್ಲು ಮುಗಿದು ಕಣ ಖಾಲಿಯಾಗಿರುವ ಬಿಸಿಲು ಇದಕ್ಕೆ ಒಳ್ಳೆಯ ಕಾಲ, ಮಳೆ ಹಿಡಿದರೆ ಒಣಗುವುದೇ ಇಲ್ಲ. ಪೂರ್ತಿ ಒಣಗಿದ ಮೇಲೆ ಹೆಂಟೆ ಒಡೆದು ಜರಡಿ ಹಿಡಿಯಿರಿ. ಬಕೆಟಿನಲ್ಲಿ ನೀರು ತುಂಬಿ ನೆನೆಸಿ, ಮರುದಿನ ತೇಲಿದ ಬೇರು, ಕಸ, ಮೇಲಿನ ನೀರು ಬಗ್ಗಿಸಿ. ಮತ್ತೆ ಹರಡಿ ಒಣಗಿಸಿ. ಹೀಗೆ ಮೂರು ನಾಲ್ಕು ಸಲ. ಒಮ್ಮೆ ಒದ್ದೆ, ಒಮ್ಮೆ ಒಣ ಆದಾಗ ಸೂಕ್ಷ್ಮಜೀವಿಗಳು ಕೊಳೆಯುವ ಸಾವಯವ ವಸ್ತುವನ್ನು ಬೇಗ ಮುಗಿಸುತ್ತವೆ, ಬಿಟ್ಟ ಸಾರಜನಕದಲ್ಲಿ ಒಂದಷ್ಟು ಬಗ್ಗಿಸಿದ ನೀರಿನ ಜೊತೆ ಹೋಗುತ್ತದೆ. ಟ್ಯಾಂಕಿನಲ್ಲಿ ಆಗಬೇಕಾದ ಗಲಾಟೆಯನ್ನು ಹೊರಗೇ ಮುಗಿಸಿದ ಹಾಗೆ. ಕೊನೆಗೆ ನೀರಿನಲ್ಲಿ ನೊರೆ ಇರಬಾರದು, ಹುಳಿ ವಾಸನೆ ಇರಬಾರದು. ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ವಾಸನೆ ಮಾತ್ರ ಇರಬೇಕು.

ತೋಟಕ್ಕೆ ತಂದ ಡೋಲೋಮೈಟ್ ಮನೆಯಲ್ಲಿ ಇದ್ದೇ ಇರುತ್ತದೆ. ಒಂದು ಚಮಚ ಬೆರೆಸಿ. ನಿಮ್ಮ ಮೆದು ನೀರಿಗೆ ಕ್ಯಾಲ್ಸಿಯಂ, ಮೆಗ್ನೀಶಿಯಂ ಎರಡೂ ಅದರಿಂದ ಸಿಗುತ್ತವೆ, ನಿಧಾನಕ್ಕೆ.

ಟ್ಯಾಂಕಿಗೆ ಹಾಕುವ ಮೊದಲು ಒಂದು ಬಾಟಲಿ ಪರೀಕ್ಷೆ ಮಾಡಿ. ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿಯಲ್ಲಿ ಎರಡು ಬೆರಳು ಮಣ್ಣು, ಎರಡು ಬೆರಳು ಮರಳು, ಮೇಲೆ ಬಾವಿ ನೀರು. ಒಂದು ತುಂಡು ವ್ಯಾಲಿಸ್ನೇರಿಯಾ, ಒಂದೆರಡು ಬಸವನಹುಳು. ಕಿಟಕಿ ಹತ್ತಿರ ಇಟ್ಟು ಎರಡು ವಾರ ನೋಡಿ. ಗಾಜಿನ ಬದಿಯಿಂದ ಮಣ್ಣಿನ ಪದರ ಕಾಣುತ್ತದೆ. ಕಂದು ಬಣ್ಣ ನಿಧಾನಕ್ಕೆ ಬೂದು ಆಗುವುದು ಸರಿ, ಕಬ್ಬಿಣ ರೂಪ ಬದಲಿಸುತ್ತಿದೆ ಅಂತ ಅರ್ಥ. ಅಲ್ಲಲ್ಲಿ ಗುಳ್ಳೆ ಕೂರುವುದೂ ಸರಿ. ಮಸಿ ಕಪ್ಪಾಗಿ ಕಡ್ಡಿ ಚುಚ್ಚಿದರೆ ಮೊಟ್ಟೆ ವಾಸನೆ ಬಂದರೆ ಆ ಮಣ್ಣಿಗೆ ಇನ್ನೆರಡು ಬಾರಿ ಬಿಸಿಲು ಬೇಕು. ಬಸವನಹುಳು ಚಿಪ್ಪಿನೊಳಗೆ ಸೇರಿ ಹೊರಗೇ ಬರದಿದ್ದರೆ ಆ ಮಣ್ಣೇ ಬೇಡ. ತಾಮ್ರ ಇದ್ದರೆ ಮೊದಲು ಗೊತ್ತಾಗುವುದು ಅವಕ್ಕೇ.

ಗೋಣಿಕೊಪ್ಪ ಟ್ಯಾಂಕ್:

ಮರಳಿನ ಬಗ್ಗೆ ನಾನು ಸೇರಿಸುತ್ತೇನೆ. ಹೊಳೆಗೆ ಇಳಿದು ತುಂಬಿಕೊಂಡು ಬರಬೇಡಿ, ಅದಕ್ಕೆ ಪರವಾನಗಿ ಬೇಕು. ಮನೆ ಕಟ್ಟುವ ಕಡೆ ಉಳಿದ ಒಂದು ಬಕೆಟ್ ಸಾಕು. ನಿಮಗೆ ಬೇಕಾದ್ದು 2.5ರಿಂದ 3 ಸೆಂ.ಮೀ. ಪದರ, ತೂಕದಲ್ಲಿ ಸುಮಾರು 6 ಕೆ.ಜಿ. ಹರಳು 1ರಿಂದ 3 ಮಿ.ಮೀ. ಇರಲಿ. ಅದಕ್ಕಿಂತ ದಪ್ಪ ಆದರೆ ಮಣ್ಣು ಸಂದಿಯಿಂದ ಮೇಲೆ ಬರುತ್ತದೆ, ಹಿಟ್ಟಿನ ಹಾಗೆ ನುಣ್ಣಗಿದ್ದರೆ ಮಣ್ಣಿಗೆ ಉಸಿರಾಡಲು ಜಾಗ ಇರುವುದಿಲ್ಲ. ಎಂ ಸ್ಯಾಂಡ್ ಆದರೂ ಆಗುತ್ತದೆ, ಧೂಳು ಪೂರ್ತಿ ಹೋಗುವವರೆಗೆ ತೊಳೆಯಬೇಕು. ವಿನೆಗರ್ ನಾಲ್ಕು ಹನಿ ಬಿಟ್ಟು ನೋಡಿ, ಬುಸ್ ಅಂತ ನೊರೆ ಬಂದರೆ ಸುಣ್ಣದಂಶ ಇದೆ. ನಿಮ್ಮ ನೀರಿಗೆ ಚೂರು ಇದ್ದರೆ ತೊಂದರೆ ಇಲ್ಲ, ಜಾಸ್ತಿ ಇದ್ದರೆ ಬೇಡ.

ಮಣ್ಣನ್ನು ಗಾಜಿನ ಮುಂಭಾಗದವರೆಗೆ ತರಬೇಡಿ. ಎರಡು ಬೆರಳು ಜಾಗ ಬಿಟ್ಟು ಅಲ್ಲಿ ಬರೀ ಮರಳು ತುಂಬಿ. ನೋಡಲೂ ಚೆಂದ, ಆ ಬದಿಯಿಂದ ಮಣ್ಣು ಸೋರುವುದೂ ಇಲ್ಲ. ಮೊದಲು ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನೆನೆಸಿ ಹರಡಿ, ಮೇಲೆ ಮರಳು ಹಾಕಿ, ಗಿಡ ನೆಟ್ಟು, ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ನಿಧಾನಕ್ಕೆ ನೀರು ಬಿಡಿ.

ಇದೇನೂ ಹೊಸ ಕ್ರಮ ಅಲ್ಲ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. ಒಂದು ಇಂಚು ಮಣ್ಣು, ಒಂದು ಇಂಚು ಮರಳು, ಮೊದಲ ದಿನವೇ ಗಿಡ ಒತ್ತಾಗಿ ನೆಡುವುದು. ಒತ್ತಾಗಿ ಅನ್ನುವುದನ್ನು ಮರೆಯಬೇಡಿ. ನಾಲ್ಕು ಗಿಡ ನೆಟ್ಟು ಉಳಿದ ಜಾಗ ಖಾಲಿ ಬಿಟ್ಟರೆ ಮಣ್ಣಿನ ಸಾರವೆಲ್ಲ ಪಾಚಿಗೇ ಹೋಗುತ್ತದೆ.

ಕುಶಾಲನಗರ ಆಕ್ವಾ:

ನಾನು ಆಕ್ವಾಸಾಯಿಲ್ ಪರ ಮಾತಾಡಿದೆ. ಆದರೆ ಇವರ ಪಟ್ಟಿಯಲ್ಲಿ ಇರುವುದು ಒಮ್ಮೆ ನೆಟ್ಟರೆ ಕದಲಿಸದ ಗಿಡಗಳು, ನೀರೂ ಮೆದು. ಇವರಿಗೆ ಗದ್ದೆ ಮಣ್ಣೇ ಸರಿ ಅಂತ ನನಗೂ ಅನ್ನಿಸುತ್ತದೆ. ಮುಂದೆ ಮುಂಭಾಗಕ್ಕೆ ನೆಲ ಹಬ್ಬುವ ಸಣ್ಣ ಗಿಡ ಬೇಕು ಅನ್ನಿಸಿದರೆ ಆಗ ಆಕ್ವಾಸಾಯಿಲ್ ಯೋಚನೆ ಮಾಡಿ.

ನಾಪೋಕ್ಲು ಮೀನು:

ತೋಡಿನ ಬದಿಯಲ್ಲಿ ಕ್ರಿಪ್ಟೊಕೊರೈನ್ ಥರದ್ದೇ ಒಂದು ಗಿಡ ಇದೆ, ಎಲೆ ಅಗಲ. ಅದನ್ನೇ ತಂದು ನೆಡಬಹುದಾ?

ಪೊನ್ನಂಪೇಟೆ ಮಣ್ಣು:

ಅದು ಲ್ಯಾಜೆನಾಂಡ್ರ ಇರಬಹುದು. ಪಶ್ಚಿಮ ಘಟ್ಟದ ತೋಡುಗಳಲ್ಲಿ ಇದೆ, ಕೆಲವದರ ರಸ ಮೈಗೆ ತುರಿಕೆ ತರುತ್ತದೆ. ಕಾಡಿನೊಳಗಿಂದ ಕೀಳಬೇಡಿ. ನರ್ಸರಿಯಲ್ಲಿ ಬೆಳೆಸಿದ್ದು ಸಿಗುತ್ತದೆ.

ಮೂರ್ನಾಡಿನ ಹಸಿರು:

ಎಲ್ಲ ಬರೆದುಕೊಂಡೆ. ಕೊನೆಯದಾಗಿ ಎರಡು ಪ್ರಶ್ನೆ. ಸೀಗಡಿ, ಬೆಟ್ಟಾ ಯಾವಾಗ ಬಿಡಲಿ? ಮಳೆಗಾಲದಲ್ಲಿ ಕರೆಂಟ್ ಒಂದೆರಡು ದಿನ ಇರುವುದೇ ಇಲ್ಲ, ಮಣ್ಣಿನ ಟ್ಯಾಂಕಿಗೆ ಏನಾದರೂ ಆಗುತ್ತಾ?

ಮಡಿಕೇರಿ ಮಂಜು:

ಮೊದಲ ವಾರ ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಿ. ಆಮೇಲೆ ವಾರಕ್ಕೆ ಎರಡು ಸಲ. ಲೈಟ್ ದಿನಕ್ಕೆ 6 ಗಂಟೆ ಸಾಕು. ಕ್ರಿಪ್ಟೊಕೊರೈನ್ ಎಲೆ ಕರಗಿ ಹೋದರೆ ಗಾಬರಿ ಬೇಡ, ಹೊಸ ನೀರಿಗೆ ಬಂದಾಗ ಅದು ಹಾಗೆಯೇ. ಬೇರು ಕೀಳದೆ ಬಿಟ್ಟರೆ ಹೊಸ ಎಲೆ ಬರುತ್ತದೆ. ನೀರಿನ ಪರೀಕ್ಷೆಯಲ್ಲಿ ಅಮೋನಿಯಾ, ಅದರಿಂದ ಹುಟ್ಟುವ ನೈಟ್ರೈಟ್ ಎರಡೂ ಸೊನ್ನೆ ಬಂದು ಒಂದು ವಾರ ಹಾಗೇ ನಿಂತ ಮೇಲೆ ಮೊದಲು ಎರಡೇ ಸೀಗಡಿ ಬಿಡಿ. ಅವು ಚೆನ್ನಾಗಿ ಓಡಾಡಿದರೆ ಉಳಿದವು. ಬೆಟ್ಟಾ ಎಲ್ಲಕ್ಕಿಂತ ಕೊನೆಗೆ, ಮಾಸ್ ಒತ್ತಾಗಿ ಬೆಳೆದ ಮೇಲೆ. ಸೀಗಡಿ ಮರಿಗಳನ್ನು ಅದು ತಿನ್ನುತ್ತದೆ, ಅಡಗಿಕೊಳ್ಳಲು ಜಾಗ ಬೇಕು.

ಕರೆಂಟ್ ಹೋದಾಗ ಮಣ್ಣಿನ ಟ್ಯಾಂಕಿನಲ್ಲಿ ಆಮ್ಲಜನಕ ಬೇಗ ಇಳಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದು ಬೇಕಲ್ವಾ. ಗಿಡ ಕೂಡ ಕತ್ತಲಲ್ಲಿ ಆಮ್ಲಜನಕ ಬಳಸುತ್ತದೆ. ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯಬಲ್ಲದು, ಸೀಗಡಿಗೆ ಅದು ಆಗುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಏರ್ ಪಂಪ್ ಒಂದು ತೆಗೆದಿಡಿ, ಆ ದಿನಗಳಲ್ಲಿ ಮೀನಿಗೆ ಆಹಾರ ಹಾಕಬೇಡಿ. ಕರೆಂಟ್ ಇಡೀ ದಿನ ಇಲ್ಲದೆ ಬಂದರೆ ಫಿಲ್ಟರಿನ ಸ್ಪಂಜನ್ನು ಬಕೆಟಿಗೆ ತೆಗೆದ ಟ್ಯಾಂಕಿನ ನೀರಲ್ಲಿ ಒಮ್ಮೆ ಹಿಂಡಿ ಆಮೇಲೆ ಶುರು ಮಾಡಿ. ಒಳಗೆ ನಿಂತ ಕೆಟ್ಟ ನೀರು ನೇರ ಟ್ಯಾಂಕಿಗೆ ಬರಬಾರದು.